ಪ್ಯಾನ್‌ಕೇಕನ್ನು ನಮ್ಮ ಮನೆಗಳಲ್ಲಿ ಏನೆಂದು ಕರೆಯುವುದು? ಹುಯ್ಯುವ, ಎರೆಯುವ, ತಟ್ಟುವ ತಿಂಡಿಗಳ ಹೆಸರುಗಳ ಬಗ್ಗೆ

ಸರಸ್ವತಿಪುರಂ ನಿವಾಸಿ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಬೆಳಿಗ್ಗೆ ಮೈಸೂರಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಎದ್ದ ಒಂದು ಪ್ರಶ್ನೆಯನ್ನು ಅನುಭವಸ್ಥರಾದ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ರಜೆಗೆಂದು ಅಮೆರಿಕದಿಂದ ಬಂದಿರುವ ಮೊಮ್ಮಗಳು ತಿಂಡಿಗೆ ಪ್ಯಾನ್‌ಕೇಕ್ ಬೇಕೆಂದು ಕೇಳಿದಳು. 40 ವರ್ಷದಿಂದ ದೋಸೆ ಹುಯ್ಯುತ್ತಿರುವ ಕೈ ನನ್ನದು. ಮೈದಾ, ಹಾಲು, ಮೊಟ್ಟೆ, ಸಕ್ಕರೆ, ಬೇಕಿಂಗ್ ಪೌಡರ್ ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ತಿರುವಿ, ಕಾದ ಹೆಂಚಿನ ಮೇಲೆ ಒಂದು ಸೌಟು ಹುಯ್ದು, ರೂಢಿಯಂತೆ ಸೌಟಿನ ತಳದಿಂದ ಸುತ್ತಲೂ ಹರಡಿದೆ. ಮೇಲೆ ಒಂದೆರಡು ತೂತು ಕಾಣಿಸಿಕೊಂಡವು, ಅಷ್ಟೇ. ಮೊಗಚಿ ಹಾಕಿ ತೆಗೆದಾಗ ಅದು ಚಪ್ಪಟೆಯಾಗಿ, ಎಳೆದರೆ ಹರಿಯದೆ ಹಿಗ್ಗುವಂತಿತ್ತು. ಮಗು ಮರುಮಾತಾಡದೆ ತಿಂದಳು, ಆದರೆ ಎರಡನೆಯದನ್ನು ಕೇಳಲಿಲ್ಲ. ಅದು ನನ್ನ ಮನಸ್ಸಿಗೆ ತುಂಬ ನೋವಾಯಿತು.

ಇದರ ನಡುವೆ, 86 ವರ್ಷದ ನಮ್ಮ ಅತ್ತೆಯವರು (ನಾಗಮಂಗಲದ ಕಡೆಯವರು) ಒಂದು ಚೂರು ಬಾಯಿಗಿಟ್ಟುಕೊಂಡು, "ಇದು ಮೈದಾ ಹಿಟ್ಟಿನ ಸೀ ದೋಸೆ ಕಣವ್ವ, ಇದಕ್ಯಾಕೆ ಬೇರೆ ಹೆಸರು?" ಎಂದರು. ಮೊಮ್ಮಗಳು ಒಪ್ಪಲಿಲ್ಲ. ದೋಸೆ ಎಂದರೆ ಹುಳಿಯಿರಬೇಕು, ಜೊತೆಗೆ ಚಟ್ನಿಯಿರಬೇಕು ಎಂಬುದು ಅವಳ ವಾದ. ಮುತ್ತಜ್ಜಿ, ಮರಿಮೊಮ್ಮಗಳು ಇಬ್ಬರೂ ಹೇಳಿದ್ದು ನನಗೆ ಸರಿಯೆಂದೇ ತೋರಿತು. ಹೆಸರಿನ ವಿಷಯ ನನ್ನ ಮಟ್ಟಿಗೆ ಸಣ್ಣದಲ್ಲ, ಏಕೆಂದರೆ ಆ ಮಗು ಮುಂದೆ ತನ್ನ ಮನೆಯಲ್ಲಿ ಇದನ್ನು ಮಾಡುವಾಗ ಯಾವ ಮಾತಿನಿಂದ ಕರೆಯುತ್ತಾಳೋ ಆ ಮಾತಿನ ಜೊತೆಗೆ ನಮ್ಮ ಮನೆಯ ನೆನಪೂ ಉಳಿಯುತ್ತದೆ. ಆದ್ದರಿಂದ ನನ್ನ ಸಂಪಣ (ಕಲಸಿದ ಹಿಟ್ಟು) ಎಲ್ಲಿ ಕೆಟ್ಟಿತು, ಇಂಥ ತಿಂಡಿಗೆ ನಿಮ್ಮ ನಿಮ್ಮ ಕಡೆ ಏನೆನ್ನುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಪುತ್ತೂರು ತವರು, ಮೈಸೂರು ಮನೆ:

ಅಕ್ಕ, ನಿಮ್ಮ ಅತ್ತೆಯವರ ಮಾತನ್ನು ಓದಿ ನಮ್ಮ ಅತ್ತೆ ನೆನಪಾದರು. ನಾನು ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರ, ಬೆಳಿಗ್ಗೆ ಎದ್ದವಳೇ "ಅತ್ತೆ, ಎರೆಯಲೇ?" ಎಂದು ಕೇಳಿದೆ. ಕರಾವಳಿಯಲ್ಲಿ ನಾವು ದೋಸೆಯನ್ನು ಎರೆಯುತ್ತೇವೆ. ಇಲ್ಲಿ ಎರೆಯುವುದೆಂದರೆ ತಲೆಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವುದು ಎಂಬುದು ನನಗೆ ಗೊತ್ತಿರಲಿಲ್ಲ. ಅತ್ತೆಯವರು "ಈವತ್ತು ಹಬ್ಬ ಇಲ್ಲವಲ್ಲಮ್ಮ" ಎನ್ನುತ್ತಲೇ ಹಂಡೆಯ ಕಡೆಗೆ ಹೊರಟುಬಿಟ್ಟರು! ಅಂದಿನಿಂದ ಈ ಮನೆಯಲ್ಲಿ ನಾನೂ ದೋಸೆ ಹುಯ್ಯುತ್ತೇನೆ, ತವರಿಗೆ ಹೋದಾಗ ಎರೆಯುತ್ತೇನೆ.

ಪಾತ್ರೆಯ ಹೆಸರಿನಲ್ಲಿಯೂ ಇದೇ ತೊಡಕಿತ್ತು. ನಮ್ಮ ಕಡೆ ಹಂಚು ಎಂದರೆ ಮಾಡಿಗೆ ಹೊದಿಸುವ ಹಂಚು, ದೋಸೆಯದು ಕಾವಲಿ. ನೀವು ಮೊಗಚೆ ಕೈ ಎನ್ನುವುದು ನಮಗೆ ಸಟ್ಟುಗ, ನೀವು ಸಂಪಣ ಎನ್ನುವುದು ನಮಗೆ ಬಂದ. ಇನ್ನು ದೋಸೆಗಳಲ್ಲಿ, ಬರೀ ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿ, ನೀರಾಗಿ ಕಲಸಿ, ಹುಳಿ ಬರಿಸದೆ ಅಂದೇ ಎರೆಯುವುದು ನೀರು ದೋಸೆ. ಹವ್ಯಕರ ಮನೆಗಳಲ್ಲಿ ತೆಳುವಾದ ದೋಸೆಗೆ ತೆಳ್ಳವು ಎನ್ನುತ್ತಾರೆ. ಮಣ್ಣಿನ ಓಡಿನಲ್ಲಿ ಎರೆದು, ಮುಚ್ಚಿ ಬೇಯಿಸಿ, ಮೇಲೆಲ್ಲ ಕಣ್ಣು ಕಣ್ಣು ಬಿಡುವುದು ಓಡುಪ್ಪಾಳೆ. ಇವುಗಳಲ್ಲಿ ಯಾವುದನ್ನೂ ಸೌಟಿನಿಂದ ಹರಡುವುದಿಲ್ಲ. ನೀರು ದೋಸೆಯನ್ನು ಅಂಚಿನಿಂದ ನಡುವಿಗೆ ಎರೆಯುತ್ತಾ ಬಂದರೆ ಅದು ತಾನಾಗಿ ಹರಿದು ಕೂಡಿಕೊಳ್ಳುತ್ತದೆ, ಸಟ್ಟುಗ ಬರುವುದು ಆಮೇಲೆ. ನೀವು ಪ್ಯಾನ್‌ಕೇಕನ್ನು ಹರಡಿದ್ದೇ ತಪ್ಪಾಯಿತೇನೋ ಎಂದು ನನ್ನ ಅನಿಸಿಕೆ.

ಮಂಡ್ಯ, ಎರಡನೇ ತಲೆಮಾರು:

ನನ್ನದು ಸ್ವಲ್ಪ ಭಿನ್ನವಾದ ಅಭಿಪ್ರಾಯ. ನಮ್ಮ ಮಂಡ್ಯದ ಕಡೆ ಬರೀ ದೋಸೆ ಎಂದರೆ ಅಕ್ಕಿ, ಉದ್ದು ನೆನೆಸಿ, ರುಬ್ಬಿ, ರಾತ್ರಿಯಿಡೀ ಹುದುಗು ಬರಿಸಿದ್ದು. ಮಿಕ್ಕ ಎಲ್ಲಕ್ಕೂ ಮುಂದೆ ಒಂದು ಮಾತು ಸೇರಿಸಿಯೇ ಹೇಳುತ್ತೇವೆ: ರಾಗಿ ದೋಸೆ, ರವೆ ದೋಸೆ, ಗೋಧಿ ಹಿಟ್ಟಿನ ದೋಸೆ, ಬೆಲ್ಲದ ದೋಸೆ, ಆಗಿಂದಾಗಲೇ ಕಲಸಿದರೆ ದಿಢೀರ್ ದೋಸೆ. ಹಾಗೆ ನೋಡಿದರೆ ಹಿರಿಯರು "ಮೈದಾ ಹಿಟ್ಟಿನ ಸೀ ದೋಸೆ" ಎಂದಾಗ ಎರಡು ಮಾತು ಸೇರಿಸಿಯೇ ಹೇಳಿದ್ದಾರೆ. ಅವರು ಅದನ್ನು ಬರೀ ದೋಸೆ ಎಂದಿಲ್ಲವೆಂಬುದನ್ನು ಗಮನಿಸಬೇಕು.

ಮಾನಸಗಂಗೋತ್ರಿಯ ಆಹಾರ ವಿಜ್ಞಾನ ವಿದ್ಯಾರ್ಥಿನಿ:

ಮೇಡಂ, ನಿಮ್ಮ ಸಂಪಣ ಕೆಟ್ಟದ್ದು ಮಿಕ್ಸಿಯಲ್ಲಿ. ಅಕ್ಕಿ ಮತ್ತು ಉದ್ದಿಗೆ ರುಬ್ಬುವಿಕೆ ಎಷ್ಟು ಅಗತ್ಯವೋ ಮೈದಾಗೆ ಅದು ಅಷ್ಟೇ ಹಾನಿಕರ. ಉದ್ದಿನಲ್ಲಿರುವ ಲೋಳೆಯಂಥ ಅಂಶವು ಚೆನ್ನಾಗಿ ರುಬ್ಬಿದಷ್ಟೂ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿಯಿಡೀ ಬ್ಯಾಕ್ಟೀರಿಯಾಗಳು ಬಿಡುವ ಇಂಗಾಲದ ಡೈಆಕ್ಸೈಡ್ ಆ ಲೋಳೆಯಲ್ಲೇ ಸಿಕ್ಕಿಕೊಂಡು ಹಿಟ್ಟು ಉಬ್ಬುತ್ತದೆ. ಮೈದಾ ಗೋಧಿಯಿಂದ ಬಂದದ್ದು. ಅದರ ಪ್ರೋಟೀನ್‌ಗಳು ನೀರು ತಗುಲಿ ಕಲಕಿದಾಗ ಗ್ಲುಟೆನ್ ಎಂಬ ರಬ್ಬರಿನಂಥ ಜಾಲವಾಗುತ್ತವೆ, ಕಲಕಿದಷ್ಟೂ ಜಾಲ ಬಿಗಿಯುತ್ತದೆ. ಚಪಾತಿ ಹಿಟ್ಟನ್ನು ನಾದುವುದು ಈ ಜಾಲಕ್ಕಾಗಿಯೇ, ಆದರೆ ಪ್ಯಾನ್‌ಕೇಕಿಗೆ ಅದು ಬೇಡ. ಅಲ್ಲದೆ ಬೇಕಿಂಗ್ ಪೌಡರ್ ಹಾಲಿಗೆ ತಗುಲಿದ ಕೂಡಲೇ ಗುಳ್ಳೆ ಬಿಡಲು ತೊಡಗುತ್ತದೆ, ಮಿಕ್ಸಿ ತಿರುಗಿದಾಗ ಆ ಗುಳ್ಳೆಗಳಲ್ಲಿ ಬಹುಪಾಲು ಹೋಗಿಬಿಡುತ್ತವೆ. ಉಳಿದವನ್ನು ನೀವು ಸೌಟಿನಿಂದ ಹರಡಿ ಒಡೆದಿರಿ.

ನಮ್ಮ ಮನೆಯ ಅಳತೆ ಹೀಗಿದೆ. ಒಂದು ಲೋಟ ಮೈದಾ (ಅರ್ಧ ಗೋಧಿ ಹಿಟ್ಟೂ ಆಗಬಹುದು), ಒಂದು ದೊಡ್ಡ ಚಮಚ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಇವನ್ನು ಒಣದಾಗಿಯೇ ಬೆರೆಸಿಟ್ಟುಕೊಳ್ಳಿ. ಬೇರೆ ಪಾತ್ರೆಯಲ್ಲಿ ಮುಕ್ಕಾಲು ಲೋಟ ಹಾಲು, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಕರಗಿದ ಬೆಣ್ಣೆ ಕಲಸಿ, ಎರಡನ್ನೂ ಸೇರಿಸಿ ಹತ್ತು ಹನ್ನೆರಡು ಸುತ್ತು ಮಾತ್ರ ತಿರುವಿ. ಸಣ್ಣಪುಟ್ಟ ಗಂಟುಗಳು ಉಳಿದರೆ ಉಳಿಯಲಿ, ಹತ್ತು ನಿಮಿಷ ಬಿಟ್ಟರೆ ಅವು ತಾವಾಗಿ ನೆನೆಯುತ್ತವೆ. ಮೊಟ್ಟೆ ತಿನ್ನದವರು ಹಾಲಿನ ಬದಲು ಹುಳಿ ಮಜ್ಜಿಗೆ, ಬೇಕಿಂಗ್ ಪೌಡರಿನ ಬದಲು ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಬಹುದು. ಮಜ್ಜಿಗೆಯ ಹುಳಿ ಮತ್ತು ಸೋಡಾ ಸೇರಿದಾಗಲೂ ಅದೇ ಅನಿಲ ಹುಟ್ಟುತ್ತದೆ. ಮಜ್ಜಿಗೆಯಲ್ಲಿ ಹುಳಿ ಸಾಲದಿದ್ದರೆ ಸೋಡಾದ ಸೌಳು ರುಚಿ ನಾಲಿಗೆಗೆ ಹತ್ತುತ್ತದೆಯಾದ್ದರಿಂದ ಅದನ್ನು ಮೊದಲೇ ರುಚಿ ನೋಡಿಕೊಳ್ಳಿ.

ಇಂಗ್ಲೆಂಡಿನಲ್ಲಿರುವ ಮೈಸೂರಿಗ:

ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಚಾಮುಂಡಿಪುರಂ. ಪ್ಯಾನ್‌ಕೇಕ್ ಎಂಬ ಒಂದೇ ಹೆಸರಿಗೆ ಅದರ ತವರಿನಲ್ಲೇ ಒಂದೇ ಅರ್ಥವಿಲ್ಲ. ಇಂಗ್ಲೆಂಡಿನಲ್ಲಿ ಪ್ಯಾನ್‌ಕೇಕ್ ಎಂದರೆ ಸೋಡಾ, ಬೇಕಿಂಗ್ ಪೌಡರ್ ಯಾವುದೂ ಇಲ್ಲದ, ನಮ್ಮ ತೆಳ್ಳನೆಯ ದೋಸೆಯಂತಿರುವ ತಿಂಡಿ. ಕ್ರೈಸ್ತರ 40 ದಿನಗಳ ಉಪವಾಸ ಆರಂಭವಾಗುವ ಹಿಂದಿನ ಮಂಗಳವಾರ, ಮನೆಯಲ್ಲಿರುವ ಮೊಟ್ಟೆ, ಹಾಲು, ಬೆಣ್ಣೆಗಳನ್ನು ಮುಗಿಸಲೆಂದು ಇದನ್ನು ಮಾಡಿ, ನಿಂಬೆರಸ ಹಿಂಡಿ ಸಕ್ಕರೆ ಉದುರಿಸಿ ಸುರುಳಿ ಸುತ್ತಿ ತಿನ್ನುವುದು ವಾಡಿಕೆ. ಆ ದಿನ ಓಲ್ನಿ ಎಂಬ ಊರಿನಲ್ಲಿ ಹೆಂಗಸರು ಬಾಣಲೆ ಹಿಡಿದು ಪ್ಯಾನ್‌ಕೇಕ್ ಚಿಮ್ಮಿಸುತ್ತಾ ಓಡುವ ಸ್ಪರ್ಧೆಯುಂಟು, ಅದು 1445ರಲ್ಲಿ ಆರಂಭವಾಯಿತೆಂಬ ಪ್ರತೀತಿಯಿದೆ.

ನಿಮ್ಮ ಮೊಮ್ಮಗಳು ಕೇಳಿದ ದಪ್ಪನೆಯ, ಮೆತ್ತನೆಯ ಬಗೆಗೆ ಇಂಗ್ಲೆಂಡಿನವರು ಸ್ಕಾಚ್ ಪ್ಯಾನ್‌ಕೇಕ್ ಎನ್ನುತ್ತಾರೆ. ಸ್ಕಾಟ್ಲೆಂಡಿನವರಿಗೆ ಅದು ಬರೀ ಪ್ಯಾನ್‌ಕೇಕ್, ಇಲ್ಲವೇ ಡ್ರಾಪ್ ಸ್ಕೋನ್. ನಮ್ಮೂರ ಹೋಟೆಲಿನಲ್ಲಿ ಕುಳಿತು ಯಾರೂ ಮೈಸೂರು ಮಸಾಲೆ ಕೊಡಿ ಎನ್ನುವುದಿಲ್ಲ, ಮಸಾಲೆ ದೋಸೆ ಎಂದರೆ ಸಾಕು. ಒಳಗೆ ಕೆಂಪು ಚಟ್ನಿ ಸವರಿದ್ದಕ್ಕೆ ಮೈಸೂರಿನ ಹೆಸರಿಟ್ಟು ಕರೆಯುವವರು ಹೊರಗಿನವರು. ಅದೂ ಇದೂ ಒಂದೇ ರೀತಿ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಎರಡನೆಯ ಎಲಿಜಬೆತ್ ರಾಣಿ 1960ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಪತ್ರ ಬರೆದು ಈ ಡ್ರಾಪ್ ಸ್ಕೋನಿನ ವಿಧಾನವನ್ನು ಕಳುಹಿಸಿಕೊಟ್ಟಿದ್ದರು. ಅದರಲ್ಲಿ ಹಿಟ್ಟು 4 ಟೀ ಕಪ್, ಹಾಲು 2 ಟೀ ಕಪ್ ಎಂದು, ನಮ್ಮ ಲೋಟದ ಲೆಕ್ಕದ ಹಾಗೆಯೇ ಅಳತೆ ಕೊಟ್ಟಿದ್ದಾರೆ. ಅರಮನೆಯ ಅಡುಗೆಯಲ್ಲೂ ತಕ್ಕಡಿಯಿಲ್ಲದ ಅಳತೆಯನ್ನು ಕಂಡು ನನಗೆ ಬಹಳ ಆಪ್ತವೆನಿಸಿತ್ತು.

ಅಮೆರಿಕದಲ್ಲಿಯೇ ಇದಕ್ಕೆ ಹಾಟ್‌ಕೇಕ್, ಗ್ರಿಡ್ಲ್‌ಕೇಕ್, ಫ್ಲ್ಯಾಪ್‌ಜ್ಯಾಕ್ ಎಂಬ ಹೆಸರುಗಳಿವೆ. ರೋಡ್ ಐಲೆಂಡಿನಲ್ಲಿ ಮೆಕ್ಕೆಜೋಳದ ಹಿಟ್ಟಿನದು ಜಾನಿಕೇಕ್. ಆದರೆ ಇಂಗ್ಲೆಂಡಿನ ಅಂಗಡಿಯಲ್ಲಿ ಫ್ಲ್ಯಾಪ್‌ಜ್ಯಾಕ್ ಕೇಳಿದರೆ ಓಟ್ಸ್, ಬೆಣ್ಣೆ, ಸಕ್ಕರೆ ಪಾಕ ಸೇರಿಸಿ ತಟ್ಟೆಯಲ್ಲಿ ಬೇಯಿಸಿ ಕತ್ತರಿಸಿದ, ನೋಡಲು ಕೊಬ್ಬರಿ ಮಿಠಾಯಿಯಂತಿರುವ ತುಂಡು ಕೈಗೆ ಬರುತ್ತದೆ.

ಧಾರವಾಡದಿಂದ ಬಂದು ಮಂಡ್ಯದಲ್ಲಿ ನೆಲೆಸಿದವರು:

ನಮ್ಮ ಕಡೆ ಆಡುಮಾತಿನಲ್ಲಿ ಅದು ದ್ವಾಸಿ. ಆದರೆ ನಾನು ಮಂಡ್ಯಕ್ಕೆ ಬಂದಾಗ ತಬ್ಬಿಬ್ಬಾದದ್ದು ದೋಸೆಯಿಂದಲ್ಲ, ಪಡ್ಡಿನಿಂದ. ಪಕ್ಕದ ಮನೆಯವರು ಗುಂಡುಪೊಂಗಲು ಮಾಡಿದ್ದೇವೆ ಬನ್ನಿ ಎಂದು ಕರೆದಾಗ ಅನ್ನ, ಹೆಸರುಬೇಳೆಯ ಪೊಂಗಲು ಇರಬೇಕೆಂದು ಹೋದೆ, ತಟ್ಟೆಯಲ್ಲಿ ಇದ್ದದ್ದು ನಮ್ಮ ಪಡ್ಡು. ಕರಾವಳಿಯವರು ಅದನ್ನೇ ಗುಳಿಯಪ್ಪ ಎನ್ನುತ್ತಾರೆ. ಹಿಟ್ಟು ದೋಸೆಯದೇ, ಕುಳಿಯಿರುವ ಹೆಂಚಿಗೆ ಬಿದ್ದ ಕೂಡಲೇ ಹೆಸರು ಬದಲಾಗಿಬಿಡುತ್ತದೆ.

ಇಂಗ್ಲೆಂಡಿನಲ್ಲಿರುವ ಮೈಸೂರಿಗ:

ಸರ್, ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನೆದರ್ಲೆಂಡ್ಸಿನಲ್ಲಿ ತೆಳ್ಳನೆಯದಕ್ಕೆ ಪನ್ನೆಕುಕ್ ಎಂದೂ, ಪಡ್ಡಿನ ಹೆಂಚಿನಂಥ ಕುಳಿಯ ಹೆಂಚಿನಲ್ಲಿ ಬೇಯಿಸಿದ ಪುಟ್ಟವಕ್ಕೆ ಪೊಫರ್ಚೆಸ್ ಎಂದೂ ಹೆಸರು. ಅಲ್ಲಿಯೂ ಕುಳಿ ಬಂದರೆ ಹೆಸರು ಬೇರೆ.

ಪಾಂಡವಪುರ, ನಿವೃತ್ತ ಕನ್ನಡ ಅಧ್ಯಾಪಕ:

ಇಲ್ಲಿಯವರೆಗಿನ ಎಲ್ಲ ಬರಹಗಳನ್ನೂ ಎರಡು ಸಲ ಓದಿದೆ. ಬರೆದ ತಾಯಂದಿರಿಗೆ ಅರಿವಿಲ್ಲದೆಯೇ ಒಂದು ಮುಖ್ಯವಾದ ಸಂಗತಿ ಹೊರಬಿದ್ದಿದೆ ಎಂದು ನನಗೆ ತೋರುತ್ತದೆ. ನಾವು ಹೆಸರನ್ನು ಹುಡುಕುವಾಗ ಅಕ್ಕಿಯೋ ಮೈದಾವೋ, ಹುಳಿಯೋ ಸಿಹಿಯೋ ಎಂದು ಸಾಮಗ್ರಿಯನ್ನು ನೋಡುತ್ತೇವೆ. ಆದರೆ ನಮ್ಮ ಭಾಷೆ ಮೊದಲು ನೋಡುವುದು ಕೈಯನ್ನು. ಒಂದೇ ಅಕ್ಕಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ ತಟ್ಟಿದರೆ ರೊಟ್ಟಿ, ನೀರಾಗಿ ಕಲಸಿ ಹುಯ್ದರೆ ದೋಸೆ. ರಾಗಿಗೂ ಅದೇ ನಿಯಮ: ತಟ್ಟಿದ್ದು ರಾಗಿ ರೊಟ್ಟಿ, ಹುಯ್ದದ್ದು ರಾಗಿ ದೋಸೆ. ರೊಟ್ಟಿ ಹುಯ್ದೆ, ದೋಸೆ ತಟ್ಟಿದೆ ಎಂದು ನಮ್ಮ ಸೀಮೆಯ ಯಾವ ಹೆಂಗಸೂ ಬಾಯಿ ತಪ್ಪಿಯೂ ಹೇಳುವುದಿಲ್ಲ. ಅಂದರೆ ಹುಯ್ಯುವುದು ದೋಸೆಯ ಗುರುತು, ಮಿಕ್ಕದ್ದು ವಿಶೇಷಣ.

ಪುತ್ತೂರಿನ ತಾಯಿಯವರು ಹೇಳಿದ ತೆಳ್ಳವು ಎಂಬ ಮಾತಿನಲ್ಲಿ ತೆಳ್ ಎಂಬ ಹಳೆಯ ಧಾತು, ತೆಳ್ಳಗೆ ಎಂಬುದರಲ್ಲಿರುವುದೇ, ಎದ್ದು ಕಾಣುತ್ತದೆ. ಇಂಗ್ಲೆಂಡಿನ ಮಿತ್ರರು ತಿಳಿಸಿದ ಡ್ರಾಪ್ ಸ್ಕೋನಿನಲ್ಲಿ ಡ್ರಾಪ್ ಎಂದರೆ ಹಿಟ್ಟನ್ನು ಮೇಲಿನಿಂದ ಬಿಡುವುದು. ಫ್ಲ್ಯಾಪ್ ಎಂಬುದರಲ್ಲಿ ಮೊಗಚಿ ಹಾಕುವುದಿದೆ. ನೆರೆಯ ತೆಲುಗಿನವರಿಗೆ ಹುಯ್ದದ್ದೆಲ್ಲ ಅಟ್ಟು, ಹೆಸರುಕಾಳಿನದಾದರೆ ಪೆಸರಟ್ಟು, ಉದ್ದಿನದಾದರೆ ಮಿನಪಟ್ಟು. ಅಲ್ಲಿಯೂ ಕಾಳಿನ ಹೆಸರು ಮುಂದೆ ಸೇರಿಕೊಂಡಿದೆಯಷ್ಟೇ, ಮೂಲದ ಮಾತು ಬದಲಾಗಿಲ್ಲ.

ದೋಸೆಗೆ ಅಕ್ಕಿಯೇ ಬೇಕು, ಹುಳಿಯೇ ಬೇಕು ಎನ್ನುವವರಿಗೆ ಇನ್ನೊಂದು ಮಾತು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಧೋಸಕವೆಂಬ ತಿನಿಸಿನ ಪ್ರಸ್ತಾಪವಿದೆ, ಮತ್ತು ಅದು ಬೇಳೆಕಾಳಿನ ಹಿಟ್ಟಿನದು. ನಾವಿಂದು ದೋಸೆಯ ಲಕ್ಷಣವೆಂದು ಹಿಡಿದುಕೊಂಡಿರುವ ಅಕ್ಕಿ ಅದರಲ್ಲಿಲ್ಲ. ಆ ಹೆಸರು ಸಾಮಗ್ರಿ ಬದಲಾದರೂ ಉಳಿದು ಬಂದಿದೆಯೆಂದ ಮೇಲೆ, ನಾಗಮಂಗಲದ ಹಿರಿಯರು ಮೈದಾದ್ದನ್ನು ದೋಸೆಯೆಂದು ಕರೆದದ್ದು ಅಜ್ಞಾನವಲ್ಲ, ಭಾಷೆಯ ಜ್ಞಾನವೇ.

ಮಂಡ್ಯ, ಎರಡನೇ ತಲೆಮಾರು:

ಗುರುಗಳೇ, ಒಪ್ಪಿದೆ. ಆದರೆ ಒಂದು ಸಂದೇಹ ಉಳಿದಿದೆ. ಮಸಾಲೆ ದೋಸೆಯನ್ನು ಹುಯ್ದು ಹರಡುತ್ತೇವೆ, ಪ್ಯಾನ್‌ಕೇಕನ್ನು ಹರಡಬಾರದು ಎಂದು ಮೇಲೆ ಹೇಳಿದ್ದಾರೆ. ಕೈಯೇ ಗುರುತು ಎನ್ನುವುದಾದರೆ ಇವೆರಡೂ ಒಂದೇ ಹೇಗಾದವು?

ಮೈಸೂರಿನ ಕೊಂಕಣಿ ಮನೆ:

ಈ ಸಂದೇಹಕ್ಕೆ ನಮ್ಮ ಸುರ್ನಳಿ ಉತ್ತರ ಕೊಡಬಹುದು. ಕೊಂಕಣಿಯಲ್ಲಿ ದೋಸೆಗೆ ಪೋಳೊ ಎನ್ನುತ್ತೇವೆ, ನೀರು ದೋಸೆ ಪಾನ್‌ಪೋಳೊ. ಸುರ್ನಳಿಯೂ ಇದೇ ಕುಟುಂಬದ್ದು: ಅಕ್ಕಿ, ಚೂರು ಮೆಂತ್ಯ, ಅವಲಕ್ಕಿ, ತೆಂಗಿನಕಾಯಿಗಳನ್ನು ಮಜ್ಜಿಗೆಯಲ್ಲಿ ರುಬ್ಬಿ, ಅರಿಶಿನ, ಬೆಲ್ಲ ಸೇರಿಸಿ, ರಾತ್ರಿಯಿಡೀ ಹುದುಗು ಬರಿಸುತ್ತೇವೆ. ಬೆಳಿಗ್ಗೆ ಒಂದು ಸೌಟು ಹುಯ್ದು ಕೈ ತೆಗೆದುಬಿಡಬೇಕು, ಹರಡಬಾರದು. ಮುಚ್ಚಿ ಸಣ್ಣ ಉರಿಯಲ್ಲಿ ಒಂದೇ ಬದಿ ಬೇಯಿಸಿದರೆ ಮೇಲೆಲ್ಲ ಜೇನುಗೂಡಿನಂತೆ ತೂತು ಬೀಳುತ್ತದೆ, ಅದರ ಮೇಲೆ ಬೆಣ್ಣೆಯಿಟ್ಟರೆ ತೂತಿನೊಳಗೆ ಕರಗಿ ಇಳಿಯುತ್ತದೆ. ಅಂಗೈ ಅಗಲದ, ಹಳದಿ ಬಣ್ಣದ, ಸಿಹಿಯಾದ ಈ ದೋಸೆಯನ್ನು ಅಮೆರಿಕದಿಂದ ಬಂದ ಮಕ್ಕಳು ನೋಡಿದ ತಕ್ಷಣ ಪ್ಯಾನ್‌ಕೇಕ್ ಎನ್ನುವುದನ್ನು ನಾನೇ ಕೇಳಿದ್ದೇನೆ. ಹೋಟೆಲಿನ ಸೆಟ್ ದೋಸೆಯನ್ನೂ ಹೆಚ್ಚು ಹರಡುವುದಿಲ್ಲ. ಆದ್ದರಿಂದ ಹುಯ್ದು ಹರಡುವ ದೋಸೆ, ಹುಯ್ದು ಬಿಡುವ ದೋಸೆ ಎಂದು ಎರಡು ಪಂಗಡವಿದೆ ಎನ್ನೋಣ. ಪ್ಯಾನ್‌ಕೇಕ್ ಎರಡನೆಯ ಪಂಗಡಕ್ಕೆ ಸೇರಿದ್ದು.

ಸರಸ್ವತಿಪುರಂ ನಿವಾಸಿ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಮಾತುಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಈ ಭಾನುವಾರ ಮತ್ತೆ ಮಾಡಿದೆ.

ಅಳತೆ ವಿದ್ಯಾರ್ಥಿನಿಯವರದು, ಅರ್ಧ ಮೈದಾ, ಅರ್ಧ ಗೋಧಿ. ಮಿಕ್ಸಿಯನ್ನು ಮುಟ್ಟದೆ ಮರದ ಸೌಟಿನಿಂದ ಹನ್ನೆರಡು ಸುತ್ತು ಎಣಿಸಿ ತಿರುವಿ ನಿಲ್ಲಿಸಿದೆ. ಗಂಟುಗಳು ಕಾಣುತ್ತಿದ್ದರೂ ಕೈ ತಡೆದುಕೊಂಡೆ, ಇದೇ ಅತ್ಯಂತ ಕಷ್ಟವಾದ ಭಾಗವಾಗಿತ್ತು. ಹತ್ತು ನಿಮಿಷದ ನಂತರ ನೋಡಿದಾಗ ಹಿಟ್ಟು ಇಡ್ಲಿ ಸಂಪಣದಷ್ಟು ದಪ್ಪವಾಗಿ, ಸೌಟನ್ನು ಓರೆ ಮಾಡಿದರೆ ನಿಧಾನವಾಗಿ ಮುದ್ದೆ ಮುದ್ದೆಯಾಗಿ ಬೀಳುತ್ತಿತ್ತು. ದೋಸೆಗೆ ಕಾಯಿಸುವಷ್ಟು ಹೆಂಚನ್ನು ಕಾಯಿಸಿದ್ದರಿಂದ ಮೊದಲನೆಯದರ ತಳ ಕಪ್ಪಾಗಿ ಒಳಗೆ ಹಸಿಯುಳಿಯಿತು. ಆಮೇಲೆ ಉರಿ ಸಣ್ಣಗಿಟ್ಟು, ನೀರು ಚಿಮುಕಿಸಿದಾಗ ಹನಿ ಕುಣಿದಾಡುವ ಬದಲು ಚುರ್ರೆಂದು ಆರುವ ಹದಕ್ಕೆ ತಂದು, ಈರುಳ್ಳಿ ಹೋಳಿನ ಬದಲು (ಸಿಹಿ ತಿಂಡಿಗೆ ಅದರ ವಾಸನೆ ಬೇಡವೆಂದು) ಬಟ್ಟೆಯ ಚೂರಿನಿಂದ ಬೆಣ್ಣೆ ಸವರಿ, ಅರ್ಧ ಸೌಟು ಹುಯ್ದು ಬಿಟ್ಟೆ. ಅದು ತಾನಾಗಿ ಅಂಗೈ ಅಗಲ ಹರಡಿಕೊಂಡು ನಿಂತಿತು. ಒಂದೂವರೆ ನಿಮಿಷಕ್ಕೆ ಅಂಚಿನಲ್ಲಿ ಗುಳ್ಳೆ ಒಡೆದು ತೂತುಗಳು ಮುಚ್ಚಿಕೊಳ್ಳದೆ ಹಾಗೆಯೇ ನಿಂತವು. ಆಗ ಮೊಗಚಿ ಹಾಕಿದರೆ ಕಣ್ಣೆದುರೇ ಅರ್ಧ ಬೆರಳು ಉಬ್ಬಿತು.

ಮೊಮ್ಮಗಳು ನಾಲ್ಕು ತಿಂದಳು. ಅತ್ತೆಯವರಿಗೆ ಹಲ್ಲಿಲ್ಲದ ಕಾರಣ ಅವರಿಗೂ ಈ ಮೆತ್ತಗಿನ ತಿಂಡಿ ಹಿಡಿಸಿತು. ಅಧ್ಯಾಪಕರು ಬರೆದದ್ದನ್ನು ಇಬ್ಬರಿಗೂ ಓದಿ ಹೇಳಿದೆ. ತಟ್ಟುವುದಕ್ಕೂ ಹುಯ್ಯುವುದಕ್ಕೂ ಇರುವ ಭೇದವನ್ನು ಮಗುವಿಗೆ ತೋರಿಸಲೆಂದು ಅತ್ತೆಯವರು ಒಂದು ಹಿಡಿ ಅಕ್ಕಿ ಹಿಟ್ಟನ್ನು ಕಲಸಿಕೊಡಲು ಹೇಳಿ, ಬಾಳೆಲೆಯ ಮೇಲೆ ತಾವೇ ರೊಟ್ಟಿ ತಟ್ಟಿದರು. ಅವರು ಒಲೆಯ ಹತ್ತಿರ ಬಂದು ಮೂರು ವರ್ಷವಾಗಿತ್ತು. ಅದರ ನಂತರ ಮಗು ತಾನೇ ಒಂದು ಹೆಸರು ಹೇಳಿದಳು. ನನ್ನ ಅಡುಗೆ ಪುಸ್ತಕದಲ್ಲಿ ಬೆಲ್ಲದ ದೋಸೆಯ ಕೆಳಗೆ ಆ ಹೆಸರನ್ನು ಬರೆದು ಅಳತೆಯನ್ನೂ ಬರೆದಿದ್ದೇನೆ: ಹುಯ್ದು ಬಿಡೋ ದೋಸೆ.

ಒಂದು ಕೊರತೆ ಮಾತ್ರ ಉಳಿಯಿತು. ಅವಳು ಊರಿನಲ್ಲಿ ಮೇಪಲ್ ಮರದ ಪಾಕವನ್ನು ಹಾಕಿಕೊಂಡು ತಿನ್ನುವವಳು. ಇಲ್ಲಿ ಅದಕ್ಕೆ ಬದಲಾಗಿ ಏನು ಕೊಡಬಹುದು? ಜೇನುತುಪ್ಪ ಅವಳಿಗೆ ಸೇರುವುದಿಲ್ಲ.

ಮದ್ದೂರು ಕಬ್ಬು ಬೆಳೆಗಾರ:

ಅಮ್ಮ, ಇದಕ್ಕೆ ನಮ್ಮ ಬೆಲ್ಲವೇ ಸರಿಯಾದ ಜೋಡಿ. ಮೇಪಲ್ ಪಾಕವೂ ಮರದ ರಸವನ್ನು ಕುದಿಸಿ ಇಂಗಿಸಿದ್ದೇ. ಸುಮಾರು 40 ಲೀಟರ್ ರಸಕ್ಕೆ ಒಂದು ಲೀಟರ್ ಪಾಕ ಸಿಗುತ್ತದೆಂದು ಓದಿದ್ದೇನೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಕಬ್ಬಿನ ಹಾಲು ಕುದಿಸುವ ನಮಗೆ ಆ ಕೆಲಸದ ಕಷ್ಟ ಅರ್ಥವಾಗುತ್ತದೆ. ಒಂದು ಅಚ್ಚು ಬೆಲ್ಲವನ್ನು ಪುಡಿ ಮಾಡಿ, ಅದು ಮುಳುಗುವಷ್ಟು ನೀರು ಹಾಕಿ ಕರಗಿಸಿ, ಮಣ್ಣು ಕಸ ಹೋಗುವಂತೆ ಮೊದಲು ಬಟ್ಟೆಯಲ್ಲಿ ಶೋಧಿಸಿಕೊಳ್ಳಿ. ಆಮೇಲೆ ಸಣ್ಣ ಉರಿಯಲ್ಲಿ ಕುದಿಸುತ್ತಾ, ಎರಡು ಬೆರಳಿನ ನಡುವೆ ಹಿಡಿದರೆ ಅಂಟುವ, ಆದರೆ ಎಳೆ ಬಾರದ ಹದದಲ್ಲಿ ಇಳಿಸಿ. ಎಳೆ ಬಂದರೆ ಆರಿದ ಮೇಲೆ ಗಟ್ಟಿಯಾಗಿ ದೋಸೆಯ ಮೇಲೆ ಹರಿಯುವುದಿಲ್ಲ. ಇಳಿಸುವಾಗ ಅರ್ಧ ಚಮಚ ತುಪ್ಪ ಹಾಕಿ. ತುಂಬ ಬಿಳುಪಾಗಿರುವ ಬೆಲ್ಲವನ್ನು ತರಬೇಡಿ, ಕಂದು ಬಣ್ಣದ್ದನ್ನು ಕೇಳಿ ತೆಗೆದುಕೊಳ್ಳಿ. ಮೇಪಲ್ ಪಾಕದಲ್ಲಿರುವಂಥ ಸುಟ್ಟ ಸಕ್ಕರೆಯ ಘಮ ಆ ಬೆಲ್ಲದಲ್ಲಿ ಸಿಗುತ್ತದೆ.